ಅಕ್ಕನ ನೋಟ್ ಪುಸ್ತಕ

2024ರ ಯುಗಾದಿಗೆ ಸಾಗರಕ್ಕೆ ಹೋಗಿದ್ದಾಗ ಅಕ್ಕ ಮೊದಲ ಸಲ ಬಾಯಿ ಬಿಟ್ಟು ಕೇಳಿದ್ಳು. "ಪುಟ್ಟಂಗೆ ಏನೋ ಆಗಿದೆ ಅನ್ಸಲ್ವೇನೋ ನಿಂಗೆ?"

ಪುಟ್ಟ ಆಗ ಜಗಲಿ ಅಂಚಿನಲ್ಲಿ ಚಾಲಿ ಅಡಿಕೆ ಒಂದರ ಪಕ್ಕ ಒಂದು ಇಡ್ತಾ ಕೂತಿದ್ದ. ಎರಡೂವರೆ ವರ್ಷದ ಪೋರ, ಒಂದು ಗಂಟೆಯಿಂದ ಅದೇ ಕೆಲಸ. ನಾನು ತಮಾಷೆಗೆ ಮಧ್ಯದ್ದೊಂದು ಅಡಿಕೆ ಎತ್ಕೊಂಡೆ ನೋಡಿ.. ಹೆಂಚು ಹಾರಿ ಹೋಗೋ ಹಾಗೆ ಕಿರುಚಿದ. ವಾಪಸ್ ಇಟ್ರೂ ಸಮಾಧಾನ ಇಲ್ಲ. ಎಲ್ಲ ಕೆಡವಿ ಮೊದಲಿಂದ ಜೋಡಿಸಿದ.

"ಗೂಗಲ್ ಮಾಡೋದು ಕಮ್ಮಿ ಮಾಡು ಅಕ್ಕಾ. ಇವ್ನು ನನ್ನ ಥರಾನೇ ಇಂಜಿನಿಯರ್ ಆಗ್ತಾನೆ, ಅಷ್ಟೇ" ಅಂತ ನಕ್ಕುಬಿಟ್ಟೆ. ಆ ನಗುವಿಗೆ ಎಂಟು ತಿಂಗಳು ಹೋಯ್ತು. ಈಗಲೂ ರಾತ್ರಿ ನೆನಪಾದ್ರೆ ಮಗ್ಗುಲು ಬದಲಿಸ್ತೀನಿ.

ನಾನೊಬ್ಬನೇ ಅಲ್ಲ ಬಿಡಿ. ಗಂಡು ಮಕ್ಕಳಿಗೆ ಮಾತು ತಡ, ಇವನಪ್ಪನೂ ಹಾಗೇ ಇದ್ದ ಅಂತ ಅವಳ ಅತ್ತೆ ದಿನಾ ಬಜೆ ತೇದು ನಾಲಿಗೆಗೆ ಹಚ್ತಿದ್ರು. ಒಬ್ರು ಮೊಬೈಲಿಂದ ಅಂದ್ರು. ಇನ್ನೊಬ್ರು, ತಾಯಿ ಮಗೂನ ಬಿಟ್ಟು ಶಾಲೆಗೆ ಪಾಠ ಮಾಡೋಕೆ ಹೋದ್ರೆ ಇನ್ನೇನಾಗುತ್ತೆ ಅಂದ್ರು. ಅದು ಅಕ್ಕನಿಗೆ ಕೇಳಿಸೋ ಹಾಗೇ ಅಂದಿದ್ದು. ತೋರಿಸಿದ ಒಬ್ಬ ಡಾಕ್ಟರು ಎರಡು ನಿಮಿಷ ನೋಡಿ, ಐದು ವರ್ಷದ ತನಕ ಕಾಯಿರಿ ಅಂತ ಟಾನಿಕ್ ಬರೆದುಕೊಟ್ರು.

ಕಾಯೋದು ಹೇಗೆ? ಹೆಸರು ಹಿಡಿದು ಹತ್ತು ಸಲ ಕರೆದ್ರೂ ತಿರುಗಲ್ಲ. ಅದೇ ಆಸಾಮಿ, ಅಡುಗೆಮನೆಯಲ್ಲಿ ಬಿಸ್ಕತ್ ಪ್ಯಾಕೆಟ್ ಸರಸರ ಅಂದ್ರೆ ಹಿತ್ತಲಿಂದ ಓಡಿ ಬರ್ತಾನೆ! ಕುಕ್ಕರ್ ಸೀಟಿಗೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ. ಬಾಯಾರಿದ್ರೆ "ಪುಟ್ಟಂಗೆ ನೀರು ಬೇಕಾ?" ಅಂತಾನೆ, ಥೇಟ್ ಅಕ್ಕನ ರಾಗದಲ್ಲಿ. ನಾವೇ ಪ್ರಶ್ನೆ ಕೇಳಿದ ಹಾಗೆ.

ಕೊನೆಗೆ 2024ರ ಡಿಸೆಂಬರಿನಲ್ಲಿ ಭಾವ, ಅಕ್ಕ, ನಾನು ಪುಟ್ಟನನ್ನ ಕಟ್ಟಿಕೊಂಡು ಮೈಸೂರು ರೈಲು ಹತ್ತಿದ್ವಿ. ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಪುಟ್ಟ ದಾರಿಯುದ್ದಕ್ಕೂ ಬೋಗಿಯ ಫ್ಯಾನ್ ನೋಡ್ತಾ ಮಲಗಿದ್ದ. ಅರಸೀಕೆರೆ ದಾಟೋ ಹೊತ್ತಿಗೆ ಕಾಫಿ ಮಾರೋನ ಕೂಗು ಹಾಗೆ ಹಾಗೇ ಒಪ್ಪಿಸೋಕೆ ಶುರು ಮಾಡಿದ. ಬೋಗಿಯವರೆಲ್ಲ ನಕ್ರು, ನಮಗೂ ಹೆಮ್ಮೆ. ಕೇಳಿದ ಮಾತನ್ನ ಹಾಗೇ ಮರಳಿ ನುಡಿಯೋದಕ್ಕೆ ಎಕೋಲೇಲಿಯಾ ಅಂತ ಹೆಸರಿದೆ, ಅದೂ ಒಂದು ಗುರುತು ಅಂತ ಗೊತ್ತಾಗಿದ್ದು ಮಾರನೇ ದಿನ.

ಮೊದಲು ಕಿವಿ ಪರೀಕ್ಷೆ. ಬೆರಾ ಅಂತಾರೆ. ಮಗು ನಿದ್ದೆಯಲ್ಲಿರುವಾಗ ತಲೆಗೆ, ಕಿವಿ ಹಿಂದೆ ಎಲೆಕ್ಟ್ರೋಡ್ ಅಂಟಿಸಿ, ಕಿವಿಯೊಳಗೆ ಟಿಕ್ ಟಿಕ್ ಸದ್ದು ಬಿಟ್ಟು, ಕಿವಿಯ ನರ ಮತ್ತು ಮೆದುಳಿನ ಕಾಂಡದಿಂದ ಬರೋ ಅಲೆ ಅಳೆಯೋದು. ಮಗು ಉತ್ತರ ಹೇಳಬೇಕಿಲ್ಲ. ನಿದ್ದೆ ಬರಲಿ ಅಂತ ಹಿಂದಿನ ರಾತ್ರಿ ಅವನನ್ನ ಎಚ್ಚರ ಇಡೋಕೆ ಭಾವ ಲಾಡ್ಜಿನ ಕಾರಿಡಾರಿನಲ್ಲಿ ಕುಣಿದಿದ್ದೇ ಕುಣಿದಿದ್ದು :-)

ಕಿವಿ ಸರಿಯಾಗಿದೆ ಅಂತ ಬಂತು. ನಾನು ಖುಷಿಯಿಂದ ತಿರುಗಿ ನೋಡಿದ್ರೆ ಅಕ್ಕ ಅಳ್ತಾ ಇದ್ಳು. "ಕಿವೀನೇ ಕೆಟ್ಟಿದ್ರೆ ಮಷಿನ್ ಹಾಕಿಸ್ಬಹುದಿತ್ತಲ್ಲೋ ಮಾರಾಯ.."

ಇದಾದ ಮೇಲಿನದಕ್ಕೆ ಯಂತ್ರ ಇಲ್ಲ. ಆಟಿಸಂ ಇದೆಯೋ ಇಲ್ಲವೋ ಹೇಳೋ ರಕ್ತಪರೀಕ್ಷೆ, ಸ್ಕ್ಯಾನ್ ಯಾವುದೂ ಇಲ್ಲ. ಮಗು ಜೊತೆ ಆಡಿ ನೋಡ್ತಾರೆ, ಹೆತ್ತವರನ್ನ ಕೇಳ್ತಾರೆ. ನಮ್ಮ ದೇಶದಲ್ಲೇ ಮಾಡಿದ ಐಎಸ್‌ಎಎ ಅನ್ನೋ ಅಳತೆಪಟ್ಟಿ ಇದೆ. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ, ಒಟ್ಟು 70 ಮುಟ್ಟಿದ್ರೆ ಆಟಿಸಂ. ನನ್ನಂಥ ಸಾಫ್ಟ್‌ವೇರಿನವನಿಗೆ ಇದು ವಿಚಿತ್ರ ಅನ್ನಿಸ್ತು. ಲಾಗ್ ಇಲ್ಲ, ಬ್ರೇಕ್‌ಪಾಯಿಂಟ್ ಇಲ್ಲ, ನೋಡಿ ಹೇಳೋದಾ?

ಹಾಗಾಗಬಾರದು ಅಂತ ನಾನು ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಶೀಟ್ ತಂದಿದ್ದೆ. ದಿನಾಂಕ, ಹೊತ್ತು, ಎಷ್ಟು ನಿಮಿಷ ಅತ್ತ, ಜೋರಾದದ್ದಕ್ಕೆ ಕೆಂಪು ಬಣ್ಣ. ಅಕ್ಕ ಬ್ಯಾಗಿನಿಂದ ತೆಗೆದದ್ದು ನೂರು ಪುಟದ ಶಾಲೆ ನೋಟ್ ಪುಸ್ತಕ. ಅಂಥದ್ದೊಂದು ಇದೆ ಅಂತ ಭಾವನಿಗೂ ಗೊತ್ತಿರಲಿಲ್ಲ. "ಬಿಸ್ಕತ್ ಬೇಕಾದ್ರೆ ನನ್ನ ಕೈ ಹಿಡಿದು ಡಬ್ಬಿ ಮೇಲೆ ಇಡ್ತಾನೆ, ಮುಖ ನೋಡಲ್ಲ." "ಮಿಕ್ಸಿ ಹಾಕ್ತೀನಿ ಅಂತ ಮೊದಲೇ ಹೇಳಿದ್ರೆ ಅಳಲ್ಲ." "ಚಂದ್ರ ತೋರಿಸಿದೆ, ನನ್ನ ಬೆರಳನ್ನೇ ನೋಡಿದ." ನನ್ನ ಶೀಟಿನಲ್ಲಿ ಬರೀ ಅಳು ಇತ್ತು. ಅವಳ ಪುಸ್ತಕದಲ್ಲಿ ಅಳುವಿನ ಮುಂಚೆ ಏನಾಯ್ತು, ಆಮೇಲೆ ಏನಾಯ್ತು ಎಲ್ಲಾ ಇತ್ತು. ಮೇಡಂ ಪುಟ ಪುಟ ಓದಿದ್ರು, ನಡುನಡುವೆ ಪ್ರಶ್ನೆ ಕೇಳಿದ್ರು. ಲ್ಯಾಪ್‌ಟಾಪನ್ನ ನಾನು ತೆರೆಯಲೇ ಇಲ್ಲ.

ಆಮೇಲೆ ಓದಿದ್ದು: 1938ರಲ್ಲಿ ಅಮೆರಿಕದ ಮಿಸಿಸಿಪ್ಪಿಯ ಒಬ್ಬ ವಕೀಲ ತನ್ನ ಮಗನ ಬಗ್ಗೆ 33 ಪುಟದ ಪತ್ರ ಟೈಪ್ ಮಾಡಿಸಿ ಬಾಲ್ಟಿಮೋರಿನ ಡಾಕ್ಟರ್ ಲಿಯೋ ಕ್ಯಾನರ್‌ಗೆ ಕಳಿಸಿದ್ದ. ಆ ಹುಡುಗನೂ ಸಾಮಾನು ಗಿರಗಿರ ತಿರುಗಿಸ್ತಿದ್ದನಂತೆ, 'ನಾನು' ಅನ್ನೋ ಕಡೆ 'ನೀನು' ಅಂತಿದ್ದನಂತೆ. 1943ರಲ್ಲಿ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಪ್ರಬಂಧದಲ್ಲಿ ಇವನೇ ಮೊದಲನೆಯವನು. ಡೊನಾಲ್ಡ್ ಟ್ರಿಪ್ಲೆಟ್. ಮುಂದೆ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಗಾಲ್ಫ್ ಆಡಿದ, 89 ವರ್ಷ ಬದುಕಿ 2023ರಲ್ಲಿ ತೀರಿಕೊಂಡ. ಅಕ್ಕನಿಗೆ ಇದನ್ನ ವಾಟ್ಸಾಪ್ ಮಾಡಿದೆ. "ಬ್ಯಾಂಕಾ?" ಅಂತಷ್ಟೇ ಬರೆದ್ಳು. ನಡುವೆ ಒಂದಷ್ಟು ಕಾಲ ಇದೆಲ್ಲ ಪ್ರೀತಿ ತೋರಿಸದ ತಾಯಂದಿರ ತಪ್ಪು ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ಹೇಳ್ತಿದ್ರಂತೆ. ಅದು ಶುದ್ಧ ಸುಳ್ಳು ಅಂತ ಆಮೇಲೆ ಗೊತ್ತಾಯ್ತು. ಅದನ್ನ ಅವಳಿಗೆ ಕಳಿಸಲಿಲ್ಲ.

ಫಲಿತಾಂಶ ಹೇಳುವಾಗ ಮೇಡಂ ಅಂಕದಿಂದ ಶುರು ಮಾಡ್ಲಿಲ್ಲ. ಪುಟ್ಟನಿಗೆ ಏನೇನು ಬರುತ್ತೆ ಅಂತ ಮೊದಲು ಹೇಳಿ, ಆಮೇಲೆ "ಆಟಿಸಂ" ಅಂದ್ರು. ಭಾವ ಕಿಟಕಿ ಕಡೆ ತಿರುಗಿದ್ರು. ಅಕ್ಕ ಕೇಳಿದ್ದು ಒಂದೇ. "ನಾನು ಕೆಲ್ಸಕ್ಕೆ ಹೋಗಿದ್ರಿಂದ ಆಯ್ತಾ ಮೇಡಂ?"

"ಇಲ್ಲಮ್ಮ. ನೀವು ಮಾಡಿದ್ದರಿಂದ ಬಂದಿದ್ದಲ್ಲ ಇದು."

ಅಕ್ಕ ಅದನ್ನೂ ಪುಸ್ತಕದಲ್ಲಿ ಬರ್ಕೊಂಡ್ಳು, ತಾರೀಖು ಹಾಕಿ.

ಈಗ ವಾರಕ್ಕೆರಡು ದಿನ ಶಿವಮೊಗ್ಗದಲ್ಲಿ ಮಾತಿನ ಥೆರಪಿ, ಉಳಿದದ್ದು ಮನೆಯಲ್ಲೇ. ಅವಳ ಅತ್ತೆ ಬಜೆ ಬಿಟ್ಟಿಲ್ಲ, ಆದ್ರೆ ಕುಕ್ಕರ್ ಇಡೋ ಮೊದಲು "ಪುಟ್ಟಾ, ಸೀಟಿ ಹೊಡಿಯತ್ತೆ" ಅಂತ ಕೂಗಿ ಹೇಳ್ತಾರೆ. ಎಲ್‌ಕೆಜಿಗೆ ಎಲ್ಲಿ ಸೇರಿಸೋದು ಅನ್ನೋದು ಇನ್ನೂ ಬಗೆಹರಿದಿಲ್ಲ. ಮೊನ್ನೆ ಅಕ್ಕ ಫೋನ್ ಮಾಡಿದ್ಳು, ಬರುವಾಗ ಇನ್ನೊಂದು ನೋಟ್ ಪುಸ್ತಕ ತಗೊಂಡು ಬಾ ಅಂತ. ಇನ್ನೂರು ಪುಟದ್ದು, ಗೆರೆ ಇರೋದು.