ಮರಳಿಗೆ ಅಡ್ಡ ನಿಂತ ಅರಾವಳಿ

ಗುಜರಾತಿನಿಂದ ದೆಹಲಿಯವರೆಗೆ ಸುಮಾರು 700 ಕಿಲೋಮೀಟರ್ ಚಾಚಿರುವ ಅರಾವಳಿಯು ಅತಿ ಪ್ರಾಚೀನ ಪರ್ವತಶ್ರೇಣಿಗಳಲ್ಲೊಂದು. ಯುಗಯುಗಗಳ ಸವೆತದಿಂದ ಅದು ತಗ್ಗಿದೆ. ಆಬುವಿನ ಗುರುಶಿಖರವೊಂದು ಮಾತ್ರ 1,722 ಮೀಟರ್ ಎತ್ತರವನ್ನು ಉಳಿಸಿಕೊಂಡಿದೆ. ನಮ್ಮ ಸಹ್ಯಾದ್ರಿಯು ಮುಂಗಾರಿಗೆ ಎದೆಯೊಡ್ಡಿ ನಿಂತರೆ, ಅರಾವಳಿಯು ಆ ಮಾರುತಕ್ಕೆ ಸಮಾಂತರವಾಗಿ ಮಲಗಿದೆ. ಮೋಡಗಳು ಮಗ್ಗುಲಲ್ಲೇ ಹಾದುಹೋಗುತ್ತವೆ. ಅಜ್ಮೇರದ ಬಳಿ ಹುಟ್ಟುವ ಲೂನಿ ನದಿಯೂ ಕಡಲನ್ನು ಕಾಣದೆ ಕಚ್ಛದ ರಣದಲ್ಲಿ ಲೀನವಾಗುತ್ತದೆ. ಆದರೂ ಥಾರ್ ಮರುಭೂಮಿಯ ಮರಳು ಪೂರ್ವದ ಹೊಲಗಳಿಗೆ ನುಗ್ಗದಂತೆ ತಡೆದಿರುವವು ಈ ಕುಳ್ಳ ಗುಡ್ಡಗಳೇ.

ಬೇಸಿಗೆಯಲ್ಲಿ ಕಡ್ಡಿಯಂತೆ ಒಣಗಿ ನಿಲ್ಲುವ ಧೋಕ್ ಮರಗಳು ಮಳೆ ಬಿದ್ದೊಡನೆ ಹಸಿರಾಗುತ್ತವೆ. ಕುಂಭಲಗಡದ ಕಾಡಿನಲ್ಲಿ ತೋಳ, ಕರಡಿಗಳುಂಟು. ಜವಾಯಿಯ ಬಂಡೆಗವಿಗಳಲ್ಲಿ ಚಿರತೆಗಳು ರಬಾರಿ ಪಶುಪಾಲಕರ ನೆರೆಯಲ್ಲೇ ಬಾಳುತ್ತಿರುವುದಂತೂ ನಿಜಕ್ಕೂ ಸೋಜಿಗ. ಸರಿಸ್ಕಾದ ಕಥೆ ಬೇರೆ. ಕಳ್ಳಬೇಟೆಯಿಂದಾಗಿ 2005ರ ವೇಳೆಗೆ ಅಲ್ಲಿ ಒಂದು ಹುಲಿಯೂ ಉಳಿದಿರಲಿಲ್ಲ. 2008ರಲ್ಲಿ ರಣಥಂಬೋರಿನಿಂದ ಹೆಲಿಕಾಪ್ಟರಿನಲ್ಲಿ ಹುಲಿಗಳನ್ನು ತಂದು ಬಿಡಲಾಯಿತು. ಇಂದು ಅಲ್ಲಿ ಮರಿಗಳು ಹುಟ್ಟಿ ಬೆಳೆದಿವೆ.

ಗುಡ್ಡವನ್ನು ಹಾಗೆ ತಂದಿಡಲಾದೀತೆ? ರಾಜಸ್ಥಾನದಲ್ಲಿ ಪರಿಶೀಲಿಸಿದ 128 ಗುಡ್ಡಗಳ ಪೈಕಿ 31 ಅಕ್ರಮ ಗಣಿಗಾರಿಕೆಗೆ ಸಿಕ್ಕಿ ಮಾಯವಾಗಿವೆಯೆಂಬ ವರದಿ 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಶ್ರೇಣಿ ಕಡಿದ ಕಡೆಗಳಲ್ಲಿ ಮರಳು ಪೂರ್ವಕ್ಕೆ ನುಸುಳುತ್ತಿದೆ.