ಫಾರ್ಮ್ಯಾಟ್ ಹೊಡೆಯುವ ಮೊದಲು

‘ಫಾರ್ಮ್ಯಾಟ್ ಹೊಡೀಬೇಕ್ರಿ.’

ನಮ್ಮ ಕಡೆ ಕಂಪ್ಯೂಟರಿಗೆ ಏನೇ ಆಗಲಿ, ಮೊದಲು ಬರುವ ತೀರ್ಪು ಇದು. ವೈರಸ್ ಹೊಕ್ಕಿದೆಯೇ? ಫಾರ್ಮ್ಯಾಟ್. ನಿಧಾನವಾಗಿದೆಯೇ? ಫಾರ್ಮ್ಯಾಟ್. ‘ಒಳಗ ಡೇಟಾ ಐತ್ರೀ’ ಅಂದರೆ, ‘ಅದು ಹೋಗ್ತೈತ್ರಿ, ಏನೂ ಮಾಡಾಕ ಬರಂಗಿಲ್ಲ’ ಎಂಬ ಉತ್ತರ. ಹೇಳುವವರು ಕೆಟ್ಟವರಲ್ಲ. ರಿಪೇರಿಗೆ ಬಂದ ಡಬ್ಬಿಗಳು ಅಂಗಡಿ ತುಂಬ ಕೂತಿರುತ್ತವೆ, ಹೊಸದಾಗಿ ವಿಂಡೋಸ್ ಹಾಕಿಕೊಟ್ಟರೆ ಕೆಲಸ ಮುಗಿಯಿತು. ಆದರೂ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ.

ರಾಮದುರ್ಗ ತಾಲೂಕಿನ ಸುರೇಬಾನದ ನಮ್ಮ ಕಾಕಾನ ಮನೆಯ ಕಂಪ್ಯೂಟರಿಗೂ ಇದೇ ತೀರ್ಪಾಗಿತ್ತು. ಕಾಕಾ ನಿವೃತ್ತ ಮಾಸ್ತರರು. ಮಗ್ಗದ ಸಪ್ಪಳದ ಆ ಓಣಿಯ ಮುದುಕಿಯರಿಂದ ಬೀಸುವ ಪದ, ಸೋಬಾನ ಪದ ಕೇಳಿ ಬರೆದುಕೊಂಡು, ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿಟ್ಟಿದ್ದರು. ಯಾರದೋ ಮದುವೆ ಫೋಟೋ ಹೊತ್ತು ಊರೆಲ್ಲ ಸುತ್ತಿಬಂದ ಪೆನ್‌ಡ್ರೈವು ವೈರಸ್ಸನ್ನೂ ಹೊತ್ತು ತಂದಿತು. ಫೋಲ್ಡರುಗಳು ಮಾಯವಾಗಿ, ಅದೇ ಹೆಸರಿನ ಶಾರ್ಟ್‌ಕಟ್ಟುಗಳು ಬಂದು ಕೂತವು.

ಈ ಜಾತಿಯ ವೈರಸ್ಸಿನ ವರಸೆ ತಿಳಿದರೆ ಅರ್ಧ ಭಯ ಕಳೆಯುತ್ತದೆ. ಅದು ಫೈಲುಗಳನ್ನು ಅಳಿಸುವುದಿಲ್ಲ, ‘ಹಿಡನ್’ ಎಂಬ ಗುರುತು ಹಾಕಿ ಬಚ್ಚಿಡುತ್ತದೆ. ನಾವು ಶಾರ್ಟ್‌ಕಟ್ ಒತ್ತಿದಾಗ ತಾನೂ ಓಡುತ್ತದೆ. ಆದ್ದರಿಂದ ಅಲ್ಲಿ ಏನನ್ನೂ ಒತ್ತದೆ ಕಂಪ್ಯೂಟರ್ ಬಂದ್ ಮಾಡಿ, ಇನ್ನೊಂದು ಪೆನ್‌ಡ್ರೈವಿನಲ್ಲಿ ಹಾಕಿದ ಉಬುಂಟು ಎಂಬ ಲಿನಕ್ಸಿನಿಂದ ಅದನ್ನು ಶುರು ಮಾಡಬೇಕು. ವಿಂಡೋಸ್ ಹಾಕಿದ ಗುರುತಿಗೆ ಲಿನಕ್ಸ್ ಸೊಪ್ಪು ಹಾಕುವುದಿಲ್ಲ, ಬಚ್ಚಿಟ್ಟ ಫೋಲ್ಡರುಗಳೆಲ್ಲ ಕಾಣುತ್ತವೆ. ಬರಹ, ಫೋಟೋ, ಹಾಡುಗಳನ್ನಷ್ಟೇ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಂಡು ಪ್ರೋಗ್ರಾಮುಗಳನ್ನು ಅಲ್ಲೇ ಬಿಟ್ಟರಾಯಿತು.

ಅವಸರದಲ್ಲಿ ಕ್ವಿಕ್ ಫಾರ್ಮ್ಯಾಟ್ ಆಗಿಹೋಗಿದ್ದರೂ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಆಸೆ ಇದೆ. ಪುಸ್ತಕದ ಪರಿವಿಡಿ ಹರಿದಂತೆ ಅದು, ಪುಟಗಳು ಒಳಗೇ ಇರುತ್ತವೆ. ಮೇಲೆ ಹೊಸದೇನನ್ನೂ ಬರೆಯದಿದ್ದರೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಎಷ್ಟೋ ಪುಟಗಳನ್ನು ಹೆಕ್ಕಿ ಕೊಡುತ್ತದೆ. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಮಾತ್ರ ಬೇರೆ ಜಾತಿ. ಅದಕ್ಕೂ ದುಡ್ಡು ಕೊಡಬಾರದು. ಯುರೋಪೋಲ್, ಡಚ್ ಪೊಲೀಸರು ಮತ್ತು ಎರಡು ಭದ್ರತಾ ಕಂಪನಿಗಳು ಕೂಡಿ 2016ರಲ್ಲಿ ಶುರು ಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬೀಗಗಳ ಕೀಲಿ ಪುಕ್ಕಟೆ ಸಿಗುತ್ತದೆ.

ಉಬುಂಟುವಿನ ದಾರಿಯಲ್ಲೇ ಕಾಕಾನ ಫೈಲುಗಳೆಲ್ಲ ಸಿಕ್ಕವು. ಆಮೇಲೆ ಫಾರ್ಮ್ಯಾಟ್ ಹೊಡೆದು ಹಾಕಿದ ಹೊಸ ವಿಂಡೋಸಿನಲ್ಲಿ ತೆರೆದರೆ ಕನ್ನಡವೇ ಇಲ್ಲ! ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ‘ಹಾಡೆಲ್ಲಾ ವೈರಸ್ ತಿಂದೈತಿ ನೋಡಪಾ’ ಎಂದು ಕಾಕಾ ಕುಸಿದು ಕೂತರು.

ತಿಂದಿರಲಿಲ್ಲ. ಅದು ವೈರಸ್ಸಿನ ಕೆಲಸವೇ ಅಲ್ಲ. ಯುನಿಕೋಡ್ ಎಂಬ ಅಕ್ಷರಸಂಕೇತ ವ್ಯವಸ್ಥೆ ತನ್ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡದ ಅಕ್ಷರಗಳಿಗೆ ಸ್ವಂತ ಸಂಕೇತಗಳನ್ನು ಕೊಟ್ಟಿತ್ತು. ಅದು ನಮ್ಮ ಮನೆಗಳಿಗೆ ಬಂದು ಮುಟ್ಟುವುದು ಬಹಳ ತಡವಾಯಿತು. ಅಲ್ಲಿಯವರೆಗೆ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ನಮ್ಮನ್ನು ಸಾಕಿದವು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ಮೇಲೆ ಕಾಕಾನಂಥ ಸಾವಿರಾರು ಮಂದಿ ಬೆರಳು ಪಳಗಿಸಿಕೊಂಡರು. ಆದರೆ ಆ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿದ್ದವು. ಫಾರ್ಮ್ಯಾಟ್ ಹೊಡೆದಾಗ ಫಾಂಟ್ ಹೋಗುತ್ತದೆ, ಕನ್ನಡದ ವೇಷ ಕಳಚುತ್ತದೆ. ಫಾಂಟ್ ಮತ್ತೆ ಹಾಕಿದೊಡನೆ ಬೀಸುವ ಪದ ಒಂದಕ್ಷರವೂ ಕೆಡದೆ ಎದ್ದು ನಿಂತಿತು.

ಆ ಹೊತ್ತಿನಲ್ಲಿ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಡಿಟಿಪಿ ಅಂಗಡಿಗಳಲ್ಲಿ, ಶಾಲೆಗಳಲ್ಲಿ, ಮಠಗಳಲ್ಲಿ, ಸಣ್ಣ ಪತ್ರಿಕೆಗಳ ಕಚೇರಿಗಳಲ್ಲಿ ವರ್ಷಗಟ್ಟಲೆ ಟೈಪಾದ ಕನ್ನಡ ಇದೇ ವೇಷದಲ್ಲಿ ಬಿದ್ದಿದೆ. ‘ಫೈಲು ಕೆಟ್ಟೈತಿ’ ಎಂದು ಅಳಿಸಿದವರೆಷ್ಟೋ! ಹಿಟ್ಟಿನ ಗಿರಣಿ ಬಂದಮೇಲೆ ಬೀಸುವ ಕಲ್ಲು ಮೂಲೆ ಸೇರಿತು, ಬೀಸುವಾಗ ಹುಟ್ಟುತ್ತಿದ್ದ ಪದ ಬಾಯಿಂದ ಇಳಿಯಿತು. ಹಾಡಿದ ಮುದುಕಿಯರಲ್ಲಿ ಹಲವರು ಈಗಿಲ್ಲ. ಅವರ ಪದಕ್ಕೆ ಉಳಿದ ಒಂದೇ ಮನೆ ಆ ಫೈಲು.

ಒಂದೇ ಮನೆ ಸಾಲದು ಎಂಬುದು ಮಲಪ್ರಭೆಯ ದಂಡೆಯವರಿಗೆ ಹೊಸ ಮಾತಲ್ಲ. 2019ರ ಆಗಸ್ಟಿನಲ್ಲಿ ರಾಮದುರ್ಗ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಕಾಗದ, ಪಾಟಿಚೀಲ, ಮಗ್ಗ ಎಲ್ಲವೂ ನೆನೆದವು. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದ ಶ್ರೀಕೃಷ್ಣ ಪಾರಿಜಾತದ ಆಟ ಇಂದಿಗೂ ನಮ್ಮ ಸೀಮೆಯಲ್ಲಿ ನೋಡಲು ಸಿಗುವುದು, ಅದು ಒಬ್ಬರ ಗಂಟಿನಲ್ಲಿ ಉಳಿಯದೆ ಮೇಳದಿಂದ ಮೇಳಕ್ಕೆ, ಬಾಯಿಂದ ಬಾಯಿಗೆ, ಕೈಬರಹದಿಂದ ಕೈಬರಹಕ್ಕೆ ಹರಿದದ್ದರಿಂದ. ಹಂಚಿದ್ದು ಉಳಿಯಿತು.

ಕಾಕಾನ ಹಾಡುಗಳನ್ನು ಯುನಿಕೋಡಿಗೆ ಬದಲಿಸಿದೆವು. ಒಂದು ಪ್ರತಿ ಧಾರವಾಡದ ಮಗಳ ಮನೆಗೆ, ಇನ್ನೊಂದು ಊರ ಹೈಸ್ಕೂಲಿನ ಮಾಸ್ತರರಿಗೆ ಹೋಯಿತು. ಬದಲಿಸುವಾಗ ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿವೆ, ಕೂತು ತಿದ್ದಬೇಕು. ನಿಮ್ಮ ಮನೆಯಲ್ಲೂ ಹಳೆಯ ‘ನುಡಿ’ ಫೈಲುಗಳಿದ್ದರೆ ಈ ಭಾನುವಾರವೇ ತೆರೆದು ನೋಡಿ.