ಗುರಿ ತಪ್ಪುವ ಗುರಿಕಾರ

ವೆಸ್ಟರ್ನ್ ಸಿನಿಮಾದ ಹುಚ್ಚು ಹತ್ತಿದವರಿಗೆ ಕಥೆ ಮೊದಲೇ ಗೊತ್ತಿರುತ್ತದೆ. ಕುದುರೆ ಏರಿ ಅಪರಿಚಿತನೊಬ್ಬ ಊರಿಗೆ ಬರುತ್ತಾನೆ, ಕೆಟ್ಟವರನ್ನು ಕೊಂದು ಹೊರಟುಹೋಗುತ್ತಾನೆ. ಕೀಚಕ ಸಾಯುವುದು ಗೊತ್ತಿದ್ದೂ ಬೆಳಗಿನವರೆಗೆ ಯಕ್ಷಗಾನ ನೋಡುವವರಂತೆ, ಇವರಿಗೂ ಬೇಕಾದದ್ದು ಆಟದ ಬಗೆ. ಇಂಥ ಆಟವನ್ನು ಕೆಡಿಸಲಿಕ್ಕೂ ಅದರ ಪಟ್ಟುಗಳನ್ನೆಲ್ಲ ಬಲ್ಲವನೇ ಬೇಕು. ಕ್ಲಿಂಟ್ ಈಸ್ಟ್‌ವುಡ್ 1992ರಲ್ಲಿ ನಿರ್ದೇಶಿಸಿ, ತಾನೇ ನಟಿಸಿದ ‘ಅನ್‌ಫರ್ಗಿವನ್’ ಹಾಗೆ ಕೆಡಿಸಿದ ಚಿತ್ರ. ಇದು ಹಿಂಸೆಯನ್ನು ಖಂಡಿಸುತ್ತದೆ ಎನ್ನುವುದು ವಾಡಿಕೆಯ ಮಾತು. ನನಗೆ ಕಾಣುವಂತೆ ಇದರ ಜಗಳ ಹಿಂಸೆಗಿಂತ ಹೆಚ್ಚಾಗಿ ಅದನ್ನು ಚುಟುಕಾಗಿ, ಚಂದವಾಗಿ ಹೇಳುವ ಕಥನದ ಜೊತೆಗೆ. ನಾಯಕ ವಿಲಿಯಂ ಮನಿ ಹಂದಿ ಸಾಕಿಕೊಂಡಿರುವ ಮುದುಕ. ಪಿಸ್ತೂಲಿನಿಂದ ಡಬ್ಬಿಗೆ ಗುರಿಯಿಟ್ಟರೆ ಒಂದೂ ತಾಗುವುದಿಲ್ಲ. ಒಳಗೆ ಹೋಗಿ ಶಾಟ್‌ಗನ್ ತರುತ್ತಾನೆ. ಹೆಣ್ಣೊಬ್ಬಳ ಮುಖ ಕೊಯ್ದದ್ದಕ್ಕೆ ಸೇಡಾಗಿ ಅವನು ಕೊಲ್ಲಲು ಹೊರಟಾಗಿನ ಕಣಿವೆಯ ದೃಶ್ಯವಂತೂ ಹಳೆಯ ಚಿತ್ರಗಳಲ್ಲಿ ಅರೆಕ್ಷಣದಲ್ಲಿ ಮುಗಿಯುತ್ತಿತ್ತು. ಇಲ್ಲಿ ಮೊದಲು ಕುದುರೆಗೆ ಗುಂಡು ಬೀಳುತ್ತದೆ, ಸವಾರ ಹುಡುಗನ ಕಾಲು ಮುರಿಯುತ್ತದೆ, ಜೊತೆಗಾರ ನೆಡ್‌ಗೆ ಮುಂದೆ ಕೈ ಬರುವುದಿಲ್ಲ. ಮನಿ ರೈಫಲ್ ಕಿತ್ತುಕೊಂಡು ಹೊಡೆದ ಗುಂಡು ಕೊನೆಗೆ ಹೊಟ್ಟೆಗೆ ತಾಗುತ್ತದೆ. ಹುಡುಗ ನೀರು ನೀರು ಎಂದು ಗೋಗರೆಯುತ್ತಾನೆ. ಅವನಿಗೆ ನೀರು ಕೊಡಿ, ನಾವು ಗುಂಡು ಹಾರಿಸುವುದಿಲ್ಲ ಎಂದು ಕೂಗಬೇಕಾದವನು ಕೊಂದವನೇ! ಅದೂ ಆ ಹೆಣ್ಣಿನ ಮುಖ ಕೊಯ್ದವನು ಈ ಹುಡುಗನಲ್ಲ.

ಇದರಲ್ಲಿ ಹೊಸದೇನಿದೆ ಎಂದು ಕೇಳಬಹುದು. 1956ರ ‘ದ ಸರ್ಚರ್ಸ್’, 1969ರ ‘ದ ವೈಲ್ಡ್ ಬಂಚ್’ ಆಗಲೇ ನಾಯಕನ ಮೈಮೇಲಿನ ಬಣ್ಣ ಕೆರೆದಿದ್ದವು, ನಿಜ. ಆದರೆ ಈಸ್ಟ್‌ವುಡ್ ಕಥೆ ಕಟ್ಟುವವನನ್ನೇ ಕಥೆಯೊಳಗೆ ಕೂರಿಸಿದ. ಅಗ್ಗದ ಸಾಹಸಕಥೆ ಬರೆಯುವ ಬೋಷಾಂಪ್, ಬಂದೂಕು ಹಿಡಿದವರ ಬೆನ್ನುಹತ್ತಿ ಬರೆದುಕೊಳ್ಳುತ್ತಾ ಸಾಗುತ್ತಾನೆ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಕೊನೆಗೆ ಮಳೆಯ ರಾತ್ರಿ ಮನಿ ಒಬ್ಬನೇ ಸಲೂನಿಗೆ ನುಗ್ಗಿ ಷೆರಿಫ್ ಸಮೇತ ಐವರನ್ನು ಕೊಲ್ಲುತ್ತಾನಲ್ಲ, ಅದು ಹಳೆಯ ಪುರಾಣವೇ ಅಲ್ಲವೇ? ದೃಶ್ಯವನ್ನು ಬಿಡಿಸಿ ನೋಡಬೇಕು. ಮೊದಲು ಸತ್ತ ಸಲೂನ್ ಮಾಲೀಕನ ಕೈಯಲ್ಲಿ ಆಯುಧವಿಲ್ಲ. ಮನಿಯ ಬಂದೂಕು ಕೈಕೊಡುತ್ತದೆ. ಎದುರಾಳಿಗಳು ಗಾಬರಿಯಲ್ಲಿ ಗುರಿ ತಪ್ಪುತ್ತಾರೆ. ಯಾರನ್ನು ಮೊದಲು ಹೊಡೆದೆ ಎಂದು ಬೋಷಾಂಪ್ ಆಗಲೂ ಕೇಳುತ್ತಾನೆ. ಮನಿ ಅದೃಷ್ಟದ ಮಾತಾಡುತ್ತಾನೆ. ಷೆರಿಫ್ ಲಿಟಲ್ ಬಿಲ್‌ಗೂ ಸಾಯುವಾಗ ನೆನಪಾಗುವುದು ತಾನು ಕಟ್ಟುತ್ತಿದ್ದ ಮನೆ, ಸೂರು ಸೋರುತ್ತಿದ್ದ ಆ ಮನೆ. ಇಷ್ಟಾದರೂ ನೋಡುವವರ ಮೈ ಜುಮ್ಮೆನ್ನುತ್ತದೆ, ಅಲ್ಲಗಳೆಯುವುದು ಬೇಡ. ಆ ಜುಮ್ಮೆನ್ನುವಿಕೆಯೇ ಸಾಕ್ಷಿ: ಬೋಷಾಂಪನ ಪುಸ್ತಕ ಕೊಳ್ಳುವವರು ನಾವೇ. ಉತ್ತಮ ಚಿತ್ರವೂ ಸೇರಿ ನಾಲ್ಕು ಆಸ್ಕರ್ ಬಂದದ್ದು ಇದಕ್ಕೇ ಇರಲಿಕ್ಕಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಚಿತ್ರ ದೊಡ್ಡದಾಗುವುದು ಇಲ್ಲೇ. ನೋಡದವರು ಮೊದಲು ಆ ಅಪರಿಚಿತ ಸವಾರನ ಹಳೆಯ ಕಥೆಯನ್ನೇ ಹೇಳುವ 1953ರ ‘ಶೇನ್’ ನೋಡಿ, ಆಮೇಲೆ ಇದಕ್ಕೆ ಕೈಹಾಕಿ.